ಯಾರ ಮೊಳದ ಮನೆ?

ಕ್ಷೌರಿಕನ ಗಿರಾಕಿ ಹದಿನೈದು ದಿನಕ್ಕೊಮ್ಮೆ ತಾನಾಗಿ ಬರುತ್ತಾನೆ, ಕೂದಲು ಬೆಳೆಯುತ್ತದೆ. ಕುಂಬಾರನ ಗಿರಾಕಿ ಎರಡು ತಿಂಗಳಿಗೊಮ್ಮೆ ಬರುತ್ತಾಳೆ, ಗಡಿಗೆ ಒಡೆಯುತ್ತದೆ. ನಾನು ಗವಂಡಿ ಹೂವಪ್ಪ, ಮನೆ ಕಟ್ಟುವವನು. ನಾನು ಕಟ್ಟಿದ ಗೋಡೆ ಬೆಳೆಯುವುದಿಲ್ಲ, ಒಡೆಯುವುದೂ ಇಲ್ಲ. ಅರವತ್ತು ವರ್ಷ ನೆಟ್ಟಗೆ ನಿಂತಿರುತ್ತದೆ. ಆ ಅರವತ್ತು ವರ್ಷ ಅದರ ಯಜಮಾನನಿಗೆ ನನ್ನ ನೆನಪೇ ಬರುವುದಿಲ್ಲ. ಹೀಗೆ ನನ್ನ ಕೈಗುಣವೇ ನನ್ನ ಹೊಟ್ಟೆಯ ವೈರಿ.

ಈ ಸೂಕ್ಷ್ಮ ಸತ್ಯವನ್ನು ಒಂದು ದಿನ ರೊಟ್ಟಿ ತಿನ್ನುತ್ತ ಹೆಂಡತಿಗೆ ವಿವರಿಸಿದೆ.

“ಹಂಗಾರ ಒಂದೀಟು ಕೆಟ್ಟಂಗ ಕಟ್ರಿ,” ಎಂದಳು ಹೊಳೆವ್ವ. “ವರ್ಷಕ್ಕೊಮ್ಮೆ ಬಿದ್ರ ವರ್ಷಕ್ಕೊಮ್ಮೆ ಕರೀತಾರ.”

“ಕರೀತಾರ, ಬಡ್ಯಾಕ.”

“ಬಡ್ಯಾಕರ ಕರೀಲಿ ಬಿಡ್ರಿ. ಈಗ ಅದಕ್ಕೂ ಯಾರೂ ಕರ್ಯಾಕಹತ್ತಿಲ್ಲ.”

ಇದು ನರಗುಂದದ ಬಂಡಾಯಕ್ಕೆ ಇನ್ನೂ ನಾಲ್ಕು ವರ್ಷ ಇದ್ದ ಕಾಲದ ಮಾತು. ನಮ್ಮದು ರೋಣ. ನಮ್ಮ ಕಡೆ ಮನೆ ಕಟ್ಟುವ ಕಾಲವೆಂದರೆ ಶಿವರಾತ್ರಿಯಿಂದ ಮಿರಗದ (ಮೃಗಶಿರಾ) ಮಳೆಯವರೆಗೆ ಮಾತ್ರ. ಜೋಳ ಮನೆಗೆ ಬಂದಿರುತ್ತದೆ, ಮಂದಿಯ ಕೈ ಬಿಡುವಾಗಿರುತ್ತದೆ, ಹಸಿ ಮಣ್ಣಿನ ಗೋಡೆ ಒಣಗಲು ಬಿಸಿಲಿರುತ್ತದೆ. ಶಿವರಾತ್ರಿಯ ಹೊತ್ತಿಗೆ ಯಾರೂ ಕರೆಯಲಿಲ್ಲವೆಂದರೆ ಗವಂಡಿಯಾದವನು ಆ ವರ್ಷವಿಡೀ ತನ್ನ ಮನೆಯ ಗೋಡೆಯನ್ನೇ ನೋಡುತ್ತ ಕೂರಬೇಕು.

ನನ್ನ ವಿಷಯ ಸ್ವಲ್ಪ ಹೇಳಬೇಕು. ಅದಕ್ಕೂ ಮುಂಚೆ ಎರಡು ವರ್ಷ ನಾನು ಸರಕಾರದ ಮೋಜಣಿಯವರ ಸರಪಳಿ ಹಿಡಿದು ಹೊಲ ಅಳೆಯುತ್ತ ಊರೂರು ತಿರುಗಿದವನು. ಅಲ್ಲಿಂದ ಗೆರೆ ಕೊರೆದ ಒಂದು ಗಜದ ಕಡ್ಡಿ ತಂದೆ. ಅದರ ಜೊತೆಗೆ, ಅಳೆಯದೆ ಏನನ್ನೂ ನಂಬಬಾರದೆಂಬ ಬುದ್ಧಿಯನ್ನೂ ತಂದೆ. (ಇನ್ನೊಂದು ಲಾಭವೂ ಆಯಿತು. ನಾನು ಎತ್ತರವಾದೆ! ನಮ್ಮ ಅಡಿಗೆಮನೆಯಲ್ಲಿ ಮೊಸರಿನ ಗಡಿಗೆಯ ನೆಲುವನ್ನು ಮದುವೆಯಾದ ವರ್ಷ ನಾನೇ ಅಳೆದು ಜಂತಿಗೆ ಕಟ್ಟಿದ್ದೆ. ನೆತ್ತಿಗೂ ಅದಕ್ಕೂ ನಡುವೆ ಸರಿಯಾಗಿ ಎರಡು ಬೆರಳು ಜಾಗ ಇತ್ತು. ಮೋಜಣಿಯಿಂದ ಮರಳಿದ ದಿನ ಆ ಗಡಿಗೆ ಹಣೆಗೆ ಬಡಿಯಿತು. ನೆಲುವು ಬೆಳೆಯುವ ವಸ್ತುವಲ್ಲ. ಆದ್ದರಿಂದ ಬೆಳೆದದ್ದು ನಾನೇ. ಬಯಲು ಗಾಳಿ, ಸರಕಾರದ ಚಾಕರಿ. ಇದನ್ನು ಹೊಳೆವ್ವನಿಗೆ ಹೇಳಿದಾಗ ಅವಳು ತಕ್ಷಣ ಒಪ್ಪಿದಳು. ನನ್ನ ಮಾತನ್ನು ಅವಳು ಒಂದೇ ಸಲಕ್ಕೆ ಒಪ್ಪಿದ್ದು ಆ ಒಂದು ಸಂಗತಿಯಲ್ಲಿ ಮಾತ್ರ.)

ಇರಲಿ. ಆ ವರ್ಷ ಶಿವರಾತ್ರಿಗೆ ಒಂದು ತಿಂಗಳು ಮೊದಲು ಬರುವ ಅವರಾತ್ರಿ ಅಮಾವಾಸ್ಯೆ ಕಳೆಯುತ್ತಲೇ ನರಗುಂದದಿಂದ ನನ್ನ ಹೆಂಡತಿಯ ತಮ್ಮ ಅರ್ಜುನಪ್ಪ ಹೇಳಿಕಳಿಸಿದ. ಅವನೂ ಗವಂಡಿಯೇ. ಆದರೆ ಹತ್ತು ಆಳು, ನಾಲ್ಕು ಕತ್ತೆ ಇಟ್ಟುಕೊಂಡ ಗವಂಡಿ. “ಮಾವಗ ಕೆಲಸ ಇಲ್ಲ ಅಂತ ಕೇಳೇನಿ. ಶಿವರಾತ್ರಿ ಒಳಗ ಒಂದೂ ಮನಿ ಹತ್ತಲಿಲ್ಲ ಅಂದ್ರ ನನ್ನ ಕಡೆ ಬರಲಿ. ಮಣ್ಣಿನ ಬುಟ್ಟಿ ಎತ್ತಾಕ ಮಂದಿ ಕಡಿಮಿ ಬಿದ್ದಾರ.”

ಮದುವೆಯ ದಿನ ಅಕ್ಕನನ್ನು ಕಳಿಸುವುದಿಲ್ಲ ಎಂದು ನನ್ನ ಧೋತರ ಹಿಡಿದು ಅತ್ತವನು ಇವನೇ. ಅಂಥವನ ಕೈಕೆಳಗೆ, ಹತ್ತು ಆಳುಗಳ ಎದುರಿಗೆ, “ಏ ಮಾವಾ, ಬುಟ್ಟಿ ಎತ್ತೋ” ಅನ್ನಿಸಿಕೊಳ್ಳುವುದೇ? ನಾನು ಗಿರಾಕಿಗಳನ್ನು ಹುಡುಕಲು ಹೊರಟೆ, ಅದೂ ಕ್ರಮಬದ್ಧವಾಗಿ.

ಮೊದಲು ರೋಗ ತೋರಿಸಬೇಕು, ಆಮೇಲೆ ಮಂದಿ ತಾವಾಗಿಯೇ ಮದ್ದು ಕೇಳುತ್ತಾರೆ ಎಂದು ಲೆಕ್ಕ ಹಾಕಿದೆ. ತೂಗುಗುಂಡು ಹಿಡಿದು ರೋಣದ ಓಣಿ ಓಣಿಯಲ್ಲಿ ಕಂಡವರ ಗೋಡೆಗೆಲ್ಲ ಇಳಿಬಿಟ್ಟು ನೋಡತೊಡಗಿದೆ. ಹನ್ನೊಂದು ಮನೆ ನೋಡುವಷ್ಟರಲ್ಲಿ ಒಂಬತ್ತು ಗೋಡೆ ಓರೆ ಸಿಕ್ಕವು. ಹತ್ತನೆಯ ಓರೆ ಗೋಡೆ ಮಾನವ್ವನ ಮನೆಯ ಮುಂಭಾಗದ್ದು. ಮೂರೂಕಾಲು ಬೆರಳು ವಾಲಿತ್ತು. ಪಡಸಾಲೆಯಲ್ಲಿ ಹತ್ತು ಹನ್ನೆರಡು ಮಂದಿ ಹೊಸ ರುಮಾಲು ಸುತ್ತಿಕೊಂಡು ಕುಳಿತಿದ್ದರು. ಕೇಳುವವರು ಇಷ್ಟು ಮಂದಿ ಇದ್ದಾರಲ್ಲ ಎಂದು ನಾನು ಗಟ್ಟಿಯಾಗಿಯೇ ಹೇಳಿದೆ: “ಮಾನವ್ವಾ, ಈ ಮನಿ ಇನ್ನ ಭಾಳ ದಿನ ನಿಂದ್ರೂದಿಲ್ಲ!”

ಅವರು ಅವಳ ಮಗಳನ್ನು ನೋಡಲು ಬಂದ ಬೀಗರಾಗಿದ್ದರು.

ಮಾನವ್ವ ಕಸಬರಿಗೆ ಹಿಡಿದು ನನ್ನನ್ನು ಓಣಿಯ ಆ ತುದಿಯವರೆಗೆ ಕಳಿಸಿಬಂದಳು. (ನೂರಾ ನಲವತ್ತು ಹೆಜ್ಜೆ.) ಸಂಬಂಧ ಹೇಗೋ ಕೂಡಿತು ಎನ್ನಿ, ಆದರೆ ಅವಳ ಓಣಿಯಲ್ಲಿ ನಾನು ತೂಗುಗುಂಡು ತೆಗೆಯುವುದು ನಿಂತಿತು.

ಆಮೇಲೆ ಸಂತೆಯಲ್ಲಿ ಗಜದ ಕಡ್ಡಿ ಹಿಡಿದು ನಿಂತೆ. ನನ್ನ ವಾದ ಸರಳ. ನಮ್ಮ ಕಡೆ ಮನೆಯನ್ನು ಆ ಮನೆಯ ಯಜಮಾನನ ಮೊಳದಿಂದ ಅಳೆದು ಕಟ್ಟುವ ಪದ್ಧತಿ ಇದೆ. ಮೊಳಕೈಯಿಂದ ನಡುಬೆರಳಿನ ತುದಿಯವರೆಗೆ ಹುರಿ ಹಿಡಿದು ಗಂಟು ಹಾಕುವುದು. ಬಾಗಿಲು, ಕಂಬ, ಪಡಸಾಲೆ ಎಲ್ಲ ಅದೇ ಹುರಿಯಿಂದ. ಆಗ ಮನೆ ಯಜಮಾನನಿಗೆ ಒಗ್ಗುತ್ತದೆಯಂತೆ. ಆದರೆ ಗಿಡ್ಡನ ಮೊಳ ಬೇರೆ, ಉದ್ದನೆಯವನ ಮೊಳ ಬೇರೆ. ಇದೂ ಒಂದು ಅಳತೆಯೇ? ನನ್ನ ಗಜ ನೋಡಿ, ರೋಣದಲ್ಲೂ ಅಷ್ಟೇ, ಮುಂಬಯಿಯಲ್ಲೂ ಅಷ್ಟೇ!

ಮಂದಿ ಕಡ್ಡಿಯನ್ನು ದೂರದಿಂದಲೇ ನೋಡಿದರು. ಒಬ್ಬ ಮುದುಕ ಕೇಳಿದ: “ಇದು ಮೋಜಣಿ ಕಡ್ಡಿ ಅಲ್ಲೇನು?”

“ಹೌದ್ರಿ, ಖರೇ ಸರಕಾರಿ ಕಡ್ಡಿ,” ಎಂದೆ ಹೆಮ್ಮೆಯಿಂದ.

“ಹೊಲಕ್ಕ ಇದನ್ನ ಹಚ್ಚಿದ್ರು, ಕಂದಾಯದ ಪಟ್ಟಿ ಬಂತು. ಈಗ ಮನಿಗೂ ಹಚ್ಚಾಕ ಬಂದಿ? ಸರಕಾರದ ಕಡ್ಡೀಲೆ ಕಟ್ಟಿದ ಮನ್ಯಾಗ ಸರಕಾರನ ಬಂದು ಕುಂದ್ರತೈತಿ, ತಮ್ಮಾ.”

ಅರ್ಧ ತಾಸಿನಲ್ಲಿ ನನ್ನ ಸುತ್ತ ಎಷ್ಟು ಜಾಗ ಖಾಲಿಯಾಯಿತೆಂದರೆ ಅಲ್ಲೇ ಒಂದು ಮನೆ ಕಟ್ಟಬಹುದಿತ್ತು.

“ಮಂದಿ ಮೊಳ ಕೇಳ್ತಾರ, ನೀವು ಗಜ ಹೇಳ್ತೀರಿ,” ಎಂದಳು ಹೊಳೆವ್ವ ಆ ಸಂಜೆ. “ಅವರಿಗೆ ಏನು ಬೇಕೋ ಅದನ್ನ ಕೊಡ್ರಿ.”

“ಅದು ಶಾಸ್ತ್ರೋಕ್ತ ಅಳತಿ ಅಲ್ಲ!”

“ಶಿವರಾತ್ರಿಗೆ ಹದಿನಾರು ದಿನ ಉಳದಾವು. ಇದು ಶಾಸ್ತ್ರೋಕ್ತ ಲೆಕ್ಕ ಹೌದಿಲ್ಲೋ?”

ಮರುದಿನ ನೋಡಿದರೆ ಗಜದ ಕಡ್ಡಿ ಹಿತ್ತಲಲ್ಲಿ ಹೀರೆಬಳ್ಳಿಗೆ ಆಸರೆಯಾಗಿ ನಿಂತಿತ್ತು.

ಸರಿ, ಮೊಳ ಎಂದರೆ ಮೊಳ. ಆದರೆ ಆ ಮೊಳವನ್ನಾದರೂ ಕರಾರುವಾಕ್ಕಾಗಿ ಹಿಡಿಯಬೇಕಲ್ಲ? ಹಸಿ ಹುರಿ ಒಣಗಿದರೆ ಗಿಡ್ಡವಾಗುತ್ತದೆ. ನಾನು ಹುರಿಯನ್ನು ಮೊದಲು ನೆನೆಸಿ, ಕಲ್ಲು ಕಟ್ಟಿ ತೂಗುಬಿಟ್ಟು, ಒಣಗಿಸಿ, ಜೇನುಮೇಣ ಸವರಿ, ಆಮೇಲೆ ಯಜಮಾನನ ತೋಳಿಗೆ ಹಿಡಿಯುವ ಪದ್ಧತಿ ಕಂಡುಹಿಡಿದೆ. ಯಾವ ಗವಂಡಿಯೂ ಮಾಡದ ಕೆಲಸ ಇದು. ಈ ಸುದ್ದಿಯನ್ನು ಗಾಣದ ಮನೆಯಲ್ಲಿ, ಕಮ್ಮಾರನ ಕುಲುಮೆಯಲ್ಲಿ, ಸಿಕ್ಕಲ್ಲೆಲ್ಲ ಹೇಳಿದೆ. ಶಿವರಾತ್ರಿಗೆ ಇನ್ನೆರಡೇ ದಿನ ಇದ್ದಾಗ ಜಕ್ಕಲಿಯ ಗವಿಸಿದ್ದಪ್ಪ ಕರೆಯಿತ್ತ. ಅವನ ಹಳೆಯ ಮನೆ ಹಿಂದಿನ ಮಳೆಗಾಲದಲ್ಲಿ ಕುಸಿದಿತ್ತು, ಬೇರೆ ಗವಂಡಿಗಳೆಲ್ಲ ಆಗಲೇ ಕೆಲಸ ಹಿಡಿದಿದ್ದರು. (ಇದನ್ನು ನಾನು ಆಗ ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಮೇಣದ ಪ್ರಭಾವ ಎಂದುಕೊಂಡೆ.)

ನಾನು, ಹೊಳೆವ್ವ, ನಮ್ಮ ಜೊತೆ ಬಾಗಿಲು ಜಂತಿಯ ಕೆಲಸ ಮಾಡುವ ಬಡಿಗ ನಬೀಸಾಬ, ಮೂವರೂ ಜಕ್ಕಲಿಗೆ ಹೋದೆವು. ಗವಿಸಿದ್ದಪ್ಪ ಎಂದರೆ ಮನುಷ್ಯರಲ್ಲಿ ಒಂದು ತೊಲೆ. ಅವನ ಮೊಳ ನನ್ನ ಬೆರಳಿಗೆ ಇಪ್ಪತ್ತಾರು ಬೆರಳು ಬಂತು. ನನ್ನದು ಇಪ್ಪತ್ತನಾಲ್ಕು. ಅವನ ಹೆಂಡತಿ ಮುದುಕವ್ವ (ವಯಸ್ಸು ಇಪ್ಪತ್ತೆರಡು; ಅಜ್ಜಿಯ ಹೆಸರು ಇಟ್ಟಿದ್ದರು) ಅವನ ಪಕ್ಕ ನಿಂತರೆ ಕಂಬದ ಬುಡದಲ್ಲಿಟ್ಟ ತಂಬಿಗೆಯಂತೆ ಕಾಣುತ್ತಿದ್ದಳು. ನಾನು ಹುರಿಗೆ ಗಂಟು ಹಾಕುತ್ತಿದ್ದಾಗ ಹೊಳೆವ್ವ ನೀರು ಕುಡಿಯಲೆಂದು ಮುದುಕವ್ವನ ಹಿಂದೆ ಹೋದಳು. ಆ ಹೊತ್ತಿನಲ್ಲಿ ಎರಡು ಕೊಡ ನೀರು ಕುಡಿಯಬಹುದಿತ್ತು.

ಕೆಲಸದ ಹಂಚಿಕೆ ಹೀಗೆ: ಬುನಾದಿ, ಗೋಡೆ, ಮಾಳಿಗೆ ನನ್ನದು. ಮರದ ಕೆಲಸ ನಬೀಸಾಬನದು. ಅಡಿಗೆಮನೆಯ ಒಳಗಿನದೆಲ್ಲ, ಅಂದರೆ ಒಲೆ, ಕೊಡ ಇಡುವ ಕಟ್ಟೆ, ಹಸಿ ಗೋಡೆಯಲ್ಲಿ ಕೊರೆಯುವ ದೀಪದ ಮಾಡ, ನೆಲುವು ಇವೆಲ್ಲ ನಮ್ಮ ಕಡೆ ಹೆಂಗಸರ ಕೈಯ ಕೆಲಸ. ಹೊಳೆವ್ವ ಎರಡು ಹೆಣ್ಣಾಳು ಕಟ್ಟಿಕೊಂಡು ಅದನ್ನು ಮುಗಿಸುವಳು. ಒಲೆ ಹೂಡಿದ ಮೇಲೆ ಪರರ ಅಡಿಗೆಮನೆಗೆ ಗಂಡಸು ಕಾಲಿಡುವ ರೂಢಿಯಿಲ್ಲ. ಆದ್ದರಿಂದ ನಾನು ಹೊರಗಿನಿಂದಲೇ ಯಜಮಾನನ ಹುರಿ ಅವಳ ಕೈಗೆ ಕೊಟ್ಟು ಅಳತೆ ಹೇಳುತ್ತಿದ್ದೆ: “ನೆಲುವು ನಾಕು ಮೊಳ, ಮಾಡ ಮೂರು ಮೊಳ, ಕಟ್ಟಿ ಒಂದೂವರಿ. ಕೂದಲೆಳಿ ಹೆಚ್ಚುಕಡಿಮಿ ಆಗಬಾರದು.”

“ಆಗೂದಿಲ್ಲ ತಗೋರಿ,” ಎನ್ನುತ್ತಿದ್ದಳು ಅವಳು, ಬಹಳ ವಿಧೇಯಳಾಗಿ.

ಮಿರಗಕ್ಕೆ ಎಂಟು ದಿನ ಮೊದಲು ಮನೆ ಮುಗಿಯಿತು. ಗವಿಸಿದ್ದಪ್ಪನ ಹುರಿಯನ್ನು ತಂದು ನಮ್ಮ ಪಡಸಾಲೆಯ ಗೂಟಕ್ಕೆ ತೂಗುಹಾಕಿದೆ, ಗೆದ್ದ ಪೈಲವಾನನ ಬೆಳ್ಳಿ ಕಡಗದ ಹಾಗೆ. ಅದು ಒಂಟಿಯಾಗಿ ತೂಗುತ್ತಿತ್ತು.

ಹೆಚ್ಚು ದಿನವಲ್ಲ. ಶ್ರಾವಣದ ಪಂಚಮಿ ಮುಗಿದು ಎಂಟು ದಿನವೂ ಆಗಿರಲಿಲ್ಲ, ಯಾವಗಲ್ಲಿನಿಂದ ಒಬ್ಬ ಬಂದ. ಮರುದಿನ ಕೊಣ್ಣೂರಿನವನೊಬ್ಬ, ತುಂಬಿದ ಹೊಳೆಯನ್ನು ಹರಗೋಲಿನಲ್ಲಿ ದಾಟಿ ಬಂದ. ಆಮೇಲೆ ನಮ್ಮ ರೋಣದವನೇ ಒಬ್ಬ. ಕಡೆಗೆ ಯಾರು ಗೊತ್ತೆ? ನರಗುಂದದವನು! ಅರ್ಜುನಪ್ಪನ ಮನೆಯಿಂದ ನಾಲ್ಕನೇ ಮನೆ!

ನಾಲ್ವರೂ ಒಂದೇ ರೀತಿ ಮಾತು ಶುರುಮಾಡಿದರು. ರುಮಾಲು ಸರಿಮಾಡಿಕೊಂಡು, ಕೆಮ್ಮಿ, “ಏನಿಲ್ಲ… ಮನ್ಯಾಗ ಒಂದ ಹಠ ಹಿಡದಾರ್ರಿ. ಕಟ್ಟಿಸಿದ್ರ ಹೂವಪ್ಪನ ಕಡೆನ ಕಟ್ಟಸ್ರಿ ಅಂತ.”

ಈ ಮಾತನ್ನು ನಾನು ಸೌಜನ್ಯ ಎಂದು ತಿಳಿದೆ. ಮೇಣ ಸವರಿದ ಹುರಿಯ ಮಹಿಮೆಗೆ ಮಾರುಹೋದೆ ಎಂದು ಬಾಯಿಬಿಟ್ಟು ಹೇಳಲು ಗಂಡಸರಿಗೆ ಸಂಕೋಚ; ಹೆಂಡತಿಯ ಹೆಸರು ಮುಂದೆ ಮಾಡುತ್ತಾರೆ. ಇದಕ್ಕೂ ಮೀರಿ ನಾನೊಂದು ನಿಯಮವನ್ನೇ ಕಂಡುಹಿಡಿದೆ. ಜಕ್ಕಲಿಯನ್ನು ನಡುವೆ ಇಟ್ಟು, ಗಿರಾಕಿಗಳ ಊರುಗಳನ್ನು ನೆಲದ ಮೇಲೆ ಇದ್ದಿಲಿನಿಂದ ಗುರುತು ಮಾಡಿ, ದೂರವನ್ನು ತಿಂಗಳಿನಿಂದ ಭಾಗಿಸಿ, ಒಳ್ಳೆಯ ಗವಂಡಿಯ ಕೀರ್ತಿ ತಿಂಗಳಿಗೆ ನಾಲ್ಕೂವರೆ ಹರದಾರಿಯಂತೆ ಸುತ್ತಲೂ ಹರಡುತ್ತದೆ ಎಂದು ತೀರ್ಮಾನಿಸಿದೆ. ಹಾಗಾದರೆ ಹತ್ತಿರದವರು, ದೂರದವರು ಎಲ್ಲರೂ ಪಂಚಮಿಯ ಮಗ್ಗುಲಲ್ಲೇ ಒಟ್ಟಿಗೆ ಏಕೆ ಬಂದರು? ಅದನ್ನು ಶ್ರಾವಣದ ಗಾಳಿಯ ಲೆಕ್ಕಕ್ಕೆ ಹಾಕಿದೆ.

“ಇದ್ದಿಲಿ ಬಳೀಬ್ಯಾಡ್ರಿ, ಈಗ ಸಾರಿಸೇನಿ,” ಎಂದಳು ಹೊಳೆವ್ವ. ಶೋಧಕರಿಗೆ ಮನೆಯಲ್ಲಿ ಬೆಲೆ ಇಲ್ಲ.

ಮುಂದಿನ ಬೇಸಿಗೆಯಲ್ಲಿ ನಾಲ್ಕು ಮನೆ ಎದ್ದವು. ಎಲ್ಲ ಕಡೆಯೂ ಹೊಳೆವ್ವನಿಗೆ ಬಾಯಾರಿಕೆ. ಇನ್ನೊಂದು ವಿಚಿತ್ರವೂ ಕಣ್ಣಿಗೆ ಬಿತ್ತು. ನನ್ನ ಹುರಿಯುಂಡೆಯಲ್ಲಿ ಪ್ರತಿ ಮನೆಗೂ ಸುಮಾರು ಒಂದು ಮೊಳ ಹುರಿ ಕಡಿಮೆ ಬೀಳುತ್ತಿತ್ತು. ಲೆಕ್ಕ ಸರಿಯಾಗಿ ನೋಡಿ, ಮನೆಗೊಂದು ಮೊಳದಂತೆ ತಿನ್ನುವ ಶಿಸ್ತಿನ ಇಲಿಯೊಂದು ನಮ್ಮ ಜೊತೆ ಊರೂರು ತಿರುಗುತ್ತಿದೆ ಎಂದು ನಬೀಸಾಬನಿಗೆ ಹೇಳಿದೆ. ಅವನು ಬಾಚಿಯನ್ನು ಕೆಳಗಿಟ್ಟು ಬಹಳ ಹೊತ್ತು ಕೆಮ್ಮಿದ.

ಎರಡನೆಯ ಪಂಚಮಿ ಮುಗಿಯುತ್ತಲೇ ಗಜೇಂದ್ರಗಡದಿಂದ ಬುಲಾವು ಬಂತು. ಮಹಾಲಿಂಗಪ್ಪ ಅಲ್ಲಿಯ ಪೇಟೆಯ ದೊಡ್ಡ ಅರಳೆ ವ್ಯಾಪಾರಿ. ತನ್ನ ಮನೆ, ಮೂವರು ತಮ್ಮಂದಿರ ಮನೆ, ಪೇಟೆಯಲ್ಲಿ ಒಂದು ಸಾಲು ಅಂಗಡಿ, ಎಲ್ಲವನ್ನೂ ಒಬ್ಬನೇ ಗವಂಡಿಗೆ ಒಪ್ಪಿಸುವುದಂತೆ. ಲೆಕ್ಕ ಹಾಕಿದೆ: ಐದು ಬೇಸಿಗೆಯ ಕೆಲಸ! ಐದು ಶಿವರಾತ್ರಿಗಳನ್ನು ನಿಶ್ಚಿಂತೆಯಿಂದ ಜಾಗರಣೆ ಮಾಡಬಹುದು. ಅದೇ ವಾರ ಬಂದಿದ್ದ ಬೇರೆ ಇಬ್ಬರು ಗಿರಾಕಿಗಳಿಗೆ, “ಆಗೂದಿಲ್ರಿ, ನಾವು ಈಗ ಗಜೇಂದ್ರಗಡದವರು” ಎಂದುಬಿಟ್ಟೆ.

“ಹುರಿ ಗಂಟು ಹಾಕೂಕಿಂತ ಮೊದಲ ಗಿರಾಕಿ ಬಿಡ್ತಾರೇನ್ರಿ?” ಎಂದಳು ಹೊಳೆವ್ವ. “ನಾನೂ ಬರ್ತೀನಿ ತಡೀರಿ.”

“ನೀ ಯಾಕ? ಇದು ಗಂಡಸರ ವ್ಯವಹಾರ.”

“ನೀರ ಕುಡ್ಯಾಕ.”

ನಾನು, ಹೊಳೆವ್ವ, ನಬೀಸಾಬ ಮಹಾಲಿಂಗಪ್ಪನ ಪಡಸಾಲೆಗೆ ಕಾಲಿಟ್ಟಾಗ ಮೊದಲು ಕಂಡದ್ದು ಅರ್ಜುನಪ್ಪನ ರುಮಾಲು. ಅವನು ಕಂಬಕ್ಕೆ ಒರಗಿ ಕುಳಿತು ಎಲೆ ಅಡಿಕೆ ಹಾಕುತ್ತಿದ್ದ. ಅಕ್ಕನ ಕಾಲಿಗೆ ನಮಸ್ಕಾರ ಮಾಡಿ, ನನ್ನತ್ತ ತಿರುಗಿ, “ಬಾ ಮಾವಾ. ನಮ್ಮ ಓಣ್ಯಾಗಿನ ಗಿರಾಕೀನ ಎತ್ತಿಕೊಂಡು ಹೋದ ಮ್ಯಾಲ ಭೆಟ್ಟಿನ ಆಗಿಲ್ಲ. ಇವತ್ತ ಇದು ನನಗ ಬಂತಂದ್ರ ನೀ ಚಿಂತಿ ಮಾಡಬ್ಯಾಡ. ಬುಟ್ಟಿ ಇನ್ನೂ ಖಾಲಿ ಐತಿ,” ಎಂದ.

ಮಹಾಲಿಂಗಪ್ಪ ಗಾದಿಯ ಮೇಲೆ ಕುಳಿತು ಇಬ್ಬರನ್ನೂ ಕೇಳಿದ: “ಹೇಳ್ರಿ. ನಿಮಗ ಯಾಕ ಕೊಡಬೇಕು?”

ಅರ್ಜುನಪ್ಪ ಸುತ್ತು ಬಳಸಲಿಲ್ಲ. “ಹತ್ತು ಆಳಿದ್ದದ್ದು ಇಪ್ಪತ್ತು ಮಾಡ್ತೀನ್ರಿ. ಐದು ಬ್ಯಾಸಗಿ ಕೆಲಸ ಮೂರು ಬ್ಯಾಸಗ್ಯಾಗ ಮುಗಸ್ತೀನಿ.”

ಮಹಾಲಿಂಗಪ್ಪನ ತಲೆ ಒಪ್ಪಿಗೆಯಿಂದ ಅಲ್ಲಾಡಿತು. ನಾನು ಎದ್ದು ನಿಂತೆ. ಹುರಿಯನ್ನು ನೆನೆಸುವುದರಿಂದ ಹಿಡಿದು ಮೇಣ ಸವರುವವರೆಗೆ ಎಲ್ಲ ವಿವರಿಸಿದೆ. ಕೀರ್ತಿಯ ವೇಗದ ನಿಯಮವನ್ನೂ ಬಿಡಲಿಲ್ಲ. ಮಹಾಲಿಂಗಪ್ಪ ಒಮ್ಮೆ ಆಕಳಿಸಿದ. ಆದರೆ ದೊಡ್ಡವರು ಆಕಳಿಸಿದರೂ ಕೇಳಿಸಿಕೊಳ್ಳುತ್ತಾರೆ ಎಂದುಕೊಂಡೆ.

ಆಗ ಒಳಬಾಗಿಲ ಹಿಂದಿನಿಂದ ಒಂದು ಹೆಣ್ಣು ದನಿ ಬಂತು. ಮಹಾಲಿಂಗಪ್ಪನ ಹೆಂಡತಿ ಬಾಳವ್ವ.

“ಅದೆಲ್ಲಾ ಇರಲಿ. ಜಕ್ಕಲಿ ಮುದುಕವ್ವ ನನ್ನ ತಂಗಿ. ನಮ್ಮ ತವರೂ ಜಕ್ಕಲಿನ; ಪಂಚಮಿಗೆ ಹೋದಾಗ ಅಕಿ ಅಡಿಗಿಮನಿ ನೋಡಿಬಂದೀನಿ. ನೆಲುವಿನಿಂದ ಮೊಸರು ತೆಗ್ಯಾಕ ಅಕಿ ಹಿಮ್ಮಡ ಎತ್ತಂಗಿಲ್ಲ. ಕೊಡ ಇಡಾಕ ನಡಾ ಬಗ್ಗಸಂಗಿಲ್ಲ. ನಾ ಇಲ್ಲಿ ಹದಿನೆಂಟು ವರ್ಷದಿಂದ ಖಾರ ಕುಟ್ಟೂ ಒಳ್ಳಿನ ಮ್ಯಾಲ ಹತ್ತಿ ನಿಂತು ಮೊಸರು ಇಳಸೇನಿ. ಅಡಿಗಿಮನಿ ಹೆಣ್ಮಕ್ಕಳ ಮೊಳದಾಗ ಕಟ್ಟೋರು ನಿಮ್ಮಿಬ್ಬರೊಳಗ ಯಾರು?”

ಅರ್ಜುನಪ್ಪ ಎಲೆ ಅಗಿಯುವುದನ್ನು ನಿಲ್ಲಿಸಿದ. ನನಗೆ ಮೈ ಉರಿಯಿತು. ಯಾರೋ ಹೊಟ್ಟೆಕಿಚ್ಚಿನವರು ನನ್ನ ಮೇಲೆ ಹೊರಿಸಿದ ಅಪವಾದ ಇದು!

“ಸುಳ್ಳ ಸುದ್ದಿ ಅದು, ಅವ್ವಾರ!” ಎಂದೆ ಎದೆ ತಟ್ಟಿಕೊಂಡು. “ನಾ ಕಟ್ಟಿದ ಐದು ಮನ್ಯಾಗೂ ಬುನಾದಿಯಿಂದ ನೆಲುವಿನ ತನಕಾ ಎಲ್ಲಾ ಯಜಮಾನರ ಮೊಳನ. ಹೆಣ್ಮಕ್ಕಳ ಮೊಳ ಒಂದ ಬೆರಳೂ ಬಂದಿಲ್ಲ. ಬೇಕಾದ್ರ ಆಣಿ ಮಾಡ್ತೀನಿ!”

ನಬೀಸಾಬ ನನ್ನ ಕಾಲು ತುಳಿದ. ನಾನು ಕಾಲು ಎಳೆದುಕೊಂಡು ಆಣೆ ಮಾಡಿಯೇಬಿಟ್ಟೆ.

ಬಾಗಿಲ ಹಿಂದೆ ಬಳೆ ಸದ್ದಾಯಿತು. “ಹಂಗಾರ ಇವರು ಬ್ಯಾಡ. ಯಾರರ ಬೇಕಾದವರು ಕಟ್ಟಲಿ, ಅಷ್ಟ ಲಗೂ ಮುಗೀಲಿ.”

ಮಹಾಲಿಂಗಪ್ಪ ಅರ್ಜುನಪ್ಪನತ್ತ ತಿರುಗಿದ. ಅರ್ಜುನಪ್ಪ ನನ್ನತ್ತ ತಿರುಗಿ, ಎರಡೂ ಕೈಗಳಿಂದ ಬುಟ್ಟಿ ಎತ್ತುವ ಹಾಗೆ ಸನ್ನೆ ಮಾಡಿದ. ಐದು ಬೇಸಿಗೆಗಳು ಒಂದರ ಹಿಂದೊಂದು ಆ ಪಡಸಾಲೆಯಿಂದ ಎದ್ದು ಹೋಗುವುದು ನನಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಅವುಗಳ ಹಿಂದೆ ನಾನು ಕಳೆದುಕೊಂಡ ಇಬ್ಬರು ಗಿರಾಕಿಗಳು.

“ಆಣಿ ಅವರದು ಖರೇ ಐತ್ರಿ ಅಕ್ಕಾರ,” ಎಂದಳು ಹೊಳೆವ್ವ ಬಾಗಿಲ ಬಳಿಯಿಂದ. “ಅವರಿಗೆ ಗೊತ್ತಿಲ್ಲ, ಅಷ್ಟ.”

ಸೀರೆಯ ನಡುಗಂಟಿನಿಂದ ಅವಳು ಒಂದು ಹಿಡಿ ಹುರಿ ತೆಗೆದಳು. ಪ್ರತಿಯೊಂದಕ್ಕೂ ಎರಡೂ ತುದಿಯಲ್ಲಿ ಗಂಟು, ಗಂಟಿಗೆ ಒಂದೊಂದು ಬಣ್ಣದ ಎಳೆ. “ಇದು ಮುದುಕವ್ವಂದು, ಇಪ್ಪತ್ತು ಬೆರಳು. ಹಸರ ಎಳಿ ಯಾವಗಲ್ಲಿನಾಕಿದು. ಇದು ಕೊಣ್ಣೂರು, ಇದು ರೋಣ, ಇದು ನರಗುಂದ. ಗಂಡಸರ ಹುರಿ ಅವರು ಕೊಡ್ತಾರ, ನಾ ತಗೋತೀನಿ. ಒಳಗ ಹೋಗಿ ಇದನ್ನ ಹಿಡೀತೀನಿ. ಪಡಸಾಲಿಯೊಳಗ ಕುಂದ್ರಾವ್ರು ಗಂಡಸರು, ಅದು ಅವರ ಮೊಳದಾಗ ಇರಲಿ. ಅಡಿಗಿಮನ್ಯಾಗ ನಿಂದ್ರಾವ್ರು ನಾವು.”

ಇಲಿ ಸಿಕ್ಕಿಬಿತ್ತು.

ಒಳಬಾಗಿಲಿನಿಂದ ಬಳೆ ತೊಟ್ಟ ಒಂದು ತೋಳು ಹೊರಗೆ ಚಾಚಿತು. “ಲಗೂ ಹಿಡಿಯವ್ವಾ ನಂದು,” ಎಂದಳು ಬಾಳವ್ವ. “ಅವರು ಮನಸ್ಸು ಬದಲಿ ಮಾಡೂದರೊಳಗ.”

ಮಹಾಲಿಂಗಪ್ಪನ ಮನಸ್ಸು ಬದಲಾಗುವ ಪ್ರಶ್ನೆಯೇ ಇರಲಿಲ್ಲ. ಆ ತೋಳನ್ನು ನೋಡಿ, ಹೊಳೆವ್ವನನ್ನು ನೋಡಿ, ನಿಟ್ಟುಸಿರು ಬಿಟ್ಟು ನನ್ನನ್ನು ಕೇಳಿದ: “ಇಕಿ ಹದಿನೆಂಟು ವರ್ಷ ಒಳ್ಳಿನ ಮ್ಯಾಲ ನಿಂತಿದ್ದು ನನಗೂ ಗೊತ್ತಿದ್ದಿಲ್ಲ ನೋಡ್ರಿ. ನಿಮಗ ಐದು ಮನಿ ಕಟ್ಟಿದ್ರೂ ಗೊ‍ತ್ತಾಗಲಿಲ್ಲೇನು?”

“ಇಲ್ರಿ,” ಎಂದೆ.

“ಹಂಗಾರ ನಮ್ಮಿಬ್ಬರದೂ ಕೂಡಿ ನಡೀತೈತಿ. ಕೆಲಸ ನಿಮ್ಮದು.”

ಗೆದ್ದಿದ್ದೆ! ಐದು ಬೇಸಿಗೆ! ಹೇಗೆ ಗೆದ್ದೆ ಎಂಬುದು ಬೇರೆ ಮಾತು. ನಾನು ಮಹಾಲಿಂಗಪ್ಪನ ತೋಳಿಗೆ ಮೇಣದ ಹುರಿ ಹಿಡಿದೆ, ಬಹಳ ಗಂಭೀರವಾಗಿ. ಅರ್ಜುನಪ್ಪ ಹೊರಡುವಾಗ ಕಟ್ಟೆಯ ಮೇಲೆ ನಿಂತು, “ಅಕ್ಕಾ, ನೀ ನರಗುಂದಕ್ಕ ಬರ್ತಿಯೇನ? ಅಲ್ಲಿ ಬೇಕಾದಷ್ಟು ಅಡಿಗಿಮನಿ ಅದಾವ. ಬೇಕಾದ್ರ ಮಾವನ್ನೂ ಕರಕೊಂಡ ಬಾ,” ಎಂದ.

“ನಿನ್ನ ಹೆಂಡತೀನ ಒಂದ ತಿಂಗಳು ನನ್ನ ಕಡೆ ಕಳಸು, ಕಲಸ್ತೀನಿ,” ಎಂದಳು ಇವಳು.

ಚಕ್ಕಡಿಯಲ್ಲಿ ರೋಣಕ್ಕೆ ಮರಳುವಾಗ ನಬೀಸಾಬ ಎರಡು ಬೇಸಿಗೆ ಹೊಟ್ಟೆಯಲ್ಲಿಟ್ಟುಕೊಂಡಿದ್ದ ನಗುವನ್ನೆಲ್ಲ ನಿಧಾನವಾಗಿ ಖರ್ಚು ಮಾಡಿದ. ನಾನು ನನ್ನ ನಿಯಮವನ್ನು ತಿದ್ದುವುದರಲ್ಲಿ ಮಗ್ನನಾಗಿದ್ದೆ. ಕೀರ್ತಿ ತಿಂಗಳಿಗೆ ನಾಲ್ಕೂವರೆ ಹರದಾರಿ ಹೋಗುವುದಿಲ್ಲ. ಪಂಚಮಿಯವರೆಗೆ ಒಂದು ಅಡಿಗೆಮನೆಯಲ್ಲಿ ಅಲ್ಲಾಡದೆ ಕುಳಿತಿರುತ್ತದೆ. ಹಬ್ಬಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅದನ್ನು ನೋಡುತ್ತಾರೆ, ಗಂಡನ ಮನೆಗೆ ಹೋಗುವಾಗ ಉಂಡಿ ಚಕ್ಕಲಿಯ ಬುಟ್ಟಿಯ ಜೊತೆ ಕಟ್ಟಿಕೊಂಡು ಹೋಗುತ್ತಾರೆ, ಒಂದೇ ದಿನದಲ್ಲಿ ಎಂಟೂ ದಿಕ್ಕಿಗೆ. ಶ್ರಾವಣದ ಗಾಳಿಗೆ ಇದರಲ್ಲಿ ಏನೂ ಸಂಬಂಧವಿಲ್ಲ. ಗಾಳಿಯ ಲೆಕ್ಕ ಹೊಡೆದುಹಾಕಿದೆ.

“ನನಗ ಮೊದಲ ಹೇಳಬಾರದಾಗಿತ್ತೇನ?” ಎಂದು ಕೇಳಿದೆ.

“ಹೇಳಿದ್ರ ಏನ ಮಾಡ್ತಿದ್ರಿ?”

ಪ್ರಾಮಾಣಿಕವಾಗಿ ಯೋಚಿಸಿದೆ. “ಶಾಸ್ತ್ರೋಕ್ತ ಅಲ್ಲ ಅಂತಿದ್ದೆ.”

“ಮತ್ತ?”

ಮನೆಗೆ ಬಂದು ಮಹಾಲಿಂಗಪ್ಪನ ಹುರಿಯನ್ನು ಗೂಟಕ್ಕೆ ಹಾಕಿದೆ. ಹೊಳೆವ್ವ ತನ್ನ ಹಿಡಿಯನ್ನೂ ತಂದು ಪಕ್ಕದಲ್ಲೇ ತೂಗುಹಾಕಿದಳು, ಇನ್ನು ಮುಚ್ಚಿಡುವುದೇನಿದೆ ಎನ್ನುವಂತೆ. ನಾನು ಒಂದೊಂದಾಗಿ ನೋಡಿದೆ. ಮುದುಕವ್ವನ ಮೊಳ ಇಪ್ಪತ್ತು ಬೆರಳು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇಷ್ಟು ಕರಾರುವಾಕ್ಕಾದ ಕೆಲಸವನ್ನು ಮೋಜಣಿಯಲ್ಲೂ ನೋಡಿರಲಿಲ್ಲ. ಎದೆಯಲ್ಲಿ ಒಂದು ಬಗೆಯ ಹೆಮ್ಮೆ ಎದ್ದಿತು. ಆಮೇಲೆ ಎಣಿಸಿದೆ. ನನ್ನವು ಆರು. ಅವಳವು ಏಳು.

“ಒಂದು ಹೆಚ್ಚಾತು.”

“ಎಣಸಬ್ಯಾಡ್ರಿ. ಉಣ್ಣಾಕ ಏಳ್ರಿ.”

ಏಳನೆಯದಕ್ಕೆ ಬಣ್ಣದ ಎಳೆ ಇರಲಿಲ್ಲ. ಹೊಗೆ ಹಿಡಿದು ಕಪ್ಪಾಗಿತ್ತು. ಅಳೆದೆ. ಇಪ್ಪತ್ತೆರಡು ಬೆರಳು.

“ಇದು ಯಾರದು?”

“ನಂದು.”

“ಯಾವಾಗಿಂದು?”

“ನೀವು ಸರಪಳಿ ಹಿಡಕೊಂಡು ಹೋದ್ರಲ್ಲ, ಆ ವರ್ಷದ್ದು. ಮನ್ಯಾಗ ಒಬ್ಬಾಕಿನ ಇದ್ದೆ. ದಿನಾ ಯಾರನ್ನ ಕರದು ಮೊಸರು ಇಳಸಬೇಕಾಗಿತ್ತು?”

ನಾನು ಆ ಹುರಿ ಹಿಡಿದು ಅಡಿಗೆಮನೆಗೆ ನುಗ್ಗಿದೆ. ನೆಲದಿಂದ ಒಂದು ಮೊಳ, ಎರಡು, ಮೂರು, ನಾಲ್ಕು. ನಾಲ್ಕನೆಯ ಮೊಳದ ತುದಿಯ ಗಂಟು ನೆಲುವಿನ ಗಡಿಗೆಯ ತಳಕ್ಕೆ ಸರಿಯಾಗಿ ತಾಗಿತು. ಅದನ್ನು ಹತ್ತಿರದಿಂದ ನೋಡಲು ತಲೆ ಎತ್ತಿದಾಗ ನನ್ನ ಹಣೆಯೂ ತಾಗಿತು. ನಾಲ್ಕು ಮೊಳ, ಅವಳವು. ನನ್ನದಕ್ಕಿಂತ ಎಂಟು ಬೆರಳು ಕೆಳಗೆ.

ಹಾಗಾದರೆ ಬಯಲು ಗಾಳಿ? ಸರಕಾರದ ಚಾಕರಿ? ನಾಲ್ಕೂರಿನ ಮಂದಿಗೆ ನಾನು ಹೇಳಿಕೊಂಡು ತಿರುಗಿದ ನನ್ನ ಆ ಬೆಳವಣಿಗೆ?

“ಎತ್ತರ ಆಗೀನಿ ಅಂದಾಗ ಹೌದು ಅಂದಿದ್ದಿಯಲ್ಲಾ!”

“ಭಾಳ ಸಂತೋಷದಾಗ ಇದ್ರಿ,” ಎಂದಳು ಹೊಳೆವ್ವ, ನನ್ನ ಹಣೆಗೆ ಅಂಟಿದ ಮಸಿಯನ್ನು ಸೆರಗಿನಿಂದ ಒರೆಸುತ್ತ. “ಯಾಕ ಕೆಡಸಬೇಕು ಅಂತ ಸುಮ್ಮನಾದೆ.”

ಎಲ್ಲವನ್ನೂ ಅಳೆದವನು ನಾನು. ಒಮ್ಮೆಯೂ ಗೋಡೆಗೆ ಬೆನ್ನು ಹಚ್ಚಿ ನಿಂತು ನನ್ನನ್ನು ಅಳೆದುಕೊಳ್ಳಲು ಹೊಳೆಯಲಿಲ್ಲ. ಆ ಸಂಜೆಯೇ ಹಿತ್ತಲಿಗೆ ಹೋಗಿ, ಹೀರೆಬಳ್ಳಿಯನ್ನು ಮೆಲ್ಲಗೆ ಬಿಡಿಸಿ, ಗಜದ ಕಡ್ಡಿ ತಂದು ನೋಡಿಕೊಂಡೆ. ನನ್ನ ನಾಲ್ಕು ಮೊಳಕ್ಕೆ ಎರಡು ಬೆರಳು ಕಡಿಮೆ: ಮದುವೆಯಾದಾಗ ಎಷ್ಟಿದ್ದೆನೋ ಅಷ್ಟೇ ಇದ್ದೇನೆ.

ಐದು ಬೇಸಿಗೆಯಲ್ಲಿ ಮೂರು ಮುಗಿದಿವೆ. ಗಜೇಂದ್ರಗಡದಲ್ಲಿ ಈಗ ನನ್ನನ್ನು ಎಲ್ಲರೂ ಗುರುತಿಸುತ್ತಾರೆ, ಹೊಳೆವ್ವನ ಗವಂಡಿ ಎಂದು. ಅಡಿಗೆಮನೆಯ ಕೆಲಸ ನಡೆದಾಗ ಅವಳು ಒಳಗಿನಿಂದ, “ಏನ್ರಿ, ಒಂದ ಬುಟ್ಟಿ ಮಣ್ಣು!” ಎನ್ನುತ್ತಾಳೆ. ನಾನು ಎತ್ತಿಕೊಡುತ್ತೇನೆ. ಅರ್ಜುನಪ್ಪನ ಬುಟ್ಟಿಯಂತೂ ಅಲ್ಲವಲ್ಲ.

ನಮ್ಮ ಮನೆಯ ನೆಲುವು ಇದ್ದಲ್ಲೇ ಇದೆ. ಗಡಿಗೆ ತಪ್ಪಿಸಲು ನಾನು ಬಗ್ಗಬೇಕಾದದ್ದು ಆರು ಬೆರಳು. ಅಳೆದಿದ್ದೇನೆ.